ಭಾನುವಾರ ಹತ್ತದ ಭಟ್ಟಿ

ಬೇಕರಿಯ ಹಿಂದಿನ ಕೋಣೆ,
ಮಂಗಳವಾರ ಮಧ್ಯಾಹ್ನ

ಪೂಜ್ಯ ಮಾವನವರಿಗೆ,

ನಿಮ್ಮ ಸೊಸೆಯ ನಮಸ್ಕಾರ. ಕಣ್ಣು ಹೇಗಿದೆ? ಪೊರೆ ತೆಗೆದ ಗಾಯ ಪೂರ್ತಿ ಮಾಗಿದೆ, ಇನ್ನು ಎಲ್ಲಿಗೆ ಬೇಕಾದರೂ ಓಡಾಡಬಹುದು ಎಂದು ಡಾಕ್ಟರು ಹೇಳಿದರಂತೆ, ಅತ್ತಿಗೆ ಫೋನಿನಲ್ಲಿ ತಿಳಿಸಿದರು. ಸಂತೋಷ. ಕಣ್ಣಿಗೆ ಹನಿ ಮಾತ್ರ ಭಾನುವಾರವೂ ತಪ್ಪದೆ ಬಿಡಿಸಿಕೊಳ್ಳುತ್ತಿದ್ದೀರಂತೆ. ಅದು ಕರುಣೆಯ ಕೆಲಸ, ಪಾಪದ ಲೆಕ್ಕಕ್ಕೆ ಬರೋದಿಲ್ಲ ಎಂದಿರಂತೆ. ಹೌದು ಬಿಡಿ, ನಿಮ್ಮ ಕಣ್ಣಿನ ವಿಷಯಕ್ಕೆ ಬಂದರೆ ದೇವರೂ ಸ್ವಲ್ಪ ಸಡಿಲ ಬಿಡುತ್ತಾನೆ. ಹೊಸ ಕನ್ನಡಕ ಬರುವ ತನಕ ನಿಮಗೆ ಕಾಗದ ಓದಿ ಹೇಳುವವರು ಅತ್ತಿಗೆಯೇ ಎಂದು ಗೊತ್ತು. ಅತ್ತಿಗೇ, ಕೈ ಮುಗಿಯುತ್ತೇನೆ, ಒಂದು ಸಾಲನ್ನೂ ಹಾರಿಸಬೇಡಿ. ಅಪ್ಪನ ಮನಸ್ಸಿಗೆ ನೋವಾದೀತೆಂದು ಮಧ್ಯೆ ಸಕ್ಕರೆ ಬೆರೆಸಬೇಡಿ. ನೋವಾಗಲಿ ಎಂದೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಹೋದರೆ ಮಾವ ನಡುವೆ ಬೈಬಲ್ ವಚನ ಹೇಳಲು ಶುರು ಮಾಡುತ್ತಾರೆ. ಕಾಗದಕ್ಕೆ ಯಾರೂ ಅಡ್ಡಬಾಯಿ ಹಾಕಲಾರರು.

ಮಾವ, ನೀವು ಕಣ್ಣಿನ ಆಪರೇಷನ್ನಿಗೆಂದು ಅತ್ತಿಗೆಯ ಊರಿಗೆ ಹೊರಡುವ ಮೊದಲು ನಿಮ್ಮ ಸೂಪರಿಂಟೆಂಡೆಂಟ್‌ಗಿರಿಯ ಸಂಡೆ ಸ್ಕೂಲಿನಲ್ಲಿ ಒಂದು ಹೊಸ ಪದ್ಧತಿ ಹಾಕಿಕೊಟ್ಟು ಹೋದಿರಲ್ಲ, 'ಮನೆಯ ಸಾಕ್ಷಿ' ಎಂದು? ಅದು ಬಲು ಜೋರಾಗಿ ನಡೆಯುತ್ತಿದೆ. ಪಾಠ ಮುಗಿದ ಮೇಲೆ ಒಂದೊಂದೇ ಮಗು ಬೆಂಚಿನ ಮೇಲೆ ಹತ್ತಿ, ಕೆಲಸ ಮಾಡಬಾರದ ಕರ್ತನ ದಿನ, ಅಂದರೆ ಹೋದ ಭಾನುವಾರ, ತನ್ನ ಮನೆಯಲ್ಲಿ ಯಾರು ಏನು ಕೆಲಸ ಮಾಡಿದರು ಎಂದು ಎಲ್ಲರೆದುರು ಹೇಳಬೇಕು. ಮಿಕ್ಕ ಮಕ್ಕಳು ಚುರುಕು, ಎರಡೇ ವಾರದಲ್ಲಿ ದಾರಿ ಕಂಡುಕೊಂಡರು. ಟ್ಯಾಕ್ಸಿಯವನ ಮಗ 'ನಮ್ಮಪ್ಪ ಮಲಗಿದ್ರು' ಎನ್ನುತ್ತಾನೆ, ಅವನಪ್ಪ ಆ ಹೊತ್ತಿಗೆ ಸ್ಟೇಷನ್ನಿನಲ್ಲಿ ಸವಾರಿಗೆ ಕೂಗುತ್ತಿರುತ್ತಾನೆ. ದರ್ಜಿಯ ಮಗಳು 'ಅಮ್ಮ ಪ್ರಾರ್ಥನೆ ಮಾಡಿದ್ರು' ಎನ್ನುತ್ತಾಳೆ, ಅಮ್ಮನ ಹೊಲಿಗೆ ಮಿಷನ್ನಿನ ಸದ್ದು ಮೂರು ಮನೆ ಆಚೆಗೆ ಕೇಳುತ್ತದೆ. ಸುಳ್ಳು ಹೇಳಲು ಬಾರದೆ ಸಿಕ್ಕಿಬಿದ್ದವಳು ನಮ್ಮ ಗುಬ್ಬಿ ಒಬ್ಬಳೇ. ಅಜ್ಜನ ಮೊಮ್ಮಗಳಲ್ಲವೇ! 'ನಮ್ಮಪ್ಪ ಸಂಜೆ ಭಟ್ಟಿ ಹಚ್ಚಿದ್ರು' ಎಂದು ವಾರ ವಾರವೂ ಬೆಂಚು ಹತ್ತಿ ಹೇಳಿದ್ದಾಳೆ. ಇಳಿದ ಮೇಲೆ ಅವಳ ಜೊತೆ ಕೂರಲು ಯಾರಿಗೂ ಮನಸ್ಸಿಲ್ಲ. ಟೀಚರಮ್ಮ ನಿಮ್ಮದೇ ಮಾತನ್ನು ಅವಳಿಗೆ ಒಪ್ಪಿಸಿದ್ದಾರೆ: 'ಕರ್ತನ ದಿನ ಬೆಂಕಿ ಹಚ್ಚೋ ಕೈ, ಅದೇ ಬೆಂಕೀಲಿ ಬೇಯುತ್ತೆ.' ಎಂಟು ವರ್ಷದ ಮಗುವಿಗೆ, ಮಾವ! ಅಪ್ಪನ ಅಂಗೈ ಹಿಡಿದುಕೊಂಡೇ ನಿದ್ದೆಹೋಗುವ ಮಗುವಿಗೆ!

ಬೇಕರಿ ನಮ್ಮಪ್ಪನದು, ಕೋರ್ಟಿನ ಗುಮಾಸ್ತರ ಮಗ ಹೆಣ್ಣು ಕೊಟ್ಟ ಮಾವನ ಮನೆಯ ಹಿಟ್ಟು ಕಲಸಲು ಹೋದನಲ್ಲ ಎಂಬ ಕೊರಗು ನಿಮಗೆ ಮದುವೆಯ ದಿನದಿಂದಲೂ ಇದೆ, ನನಗೇನು ಗೊತ್ತಿಲ್ಲವೇ? ಆದರೆ ಇಟ್ಟಿಗೆಯ ಭಟ್ಟಿ ಗುಂಡಿ ಒತ್ತಿದರೆ ಬಿಸಿಯಾಗುವ ಪೆಟ್ಟಿಗೆಯಲ್ಲ. ಸೋಮವಾರ ಬೆಳಿಗ್ಗೆ ಬ್ರೆಡ್ ಬೇಕೆಂದರೆ ಭಾನುವಾರ ಸಂಜೆಯೇ ಒಳಗೆ ಸೌದೆ ಉರಿಯಬೇಕು, ಇಟ್ಟಿಗೆ ಕಾವು ಕುಡಿಯಬೇಕು. ಇಷ್ಟು ವರ್ಷ ಸೋಮವಾರದ ಬಿಸಿ ಬ್ರೆಡ್ಡಿನ ಅಂಚು ಮುರಿದು ಹಾಲಿನಲ್ಲಿ ಅದ್ದಿ ತಿಂದಿದ್ದೀರಲ್ಲ, ಅದು ಯಾವ ದಿನದ ಬೆಂಕಿ ಎಂದು ಒಮ್ಮೆಯಾದರೂ ಕೇಳಿದ್ದೀರಾ? ಕೇಳಲಿಲ್ಲ. ಬಾಯಿಗೆ ರುಚಿ ಬೇಕು, ಕೈಗೆ ಮಸಿ ಬೇಡ. ನಿಮ್ಮ ಚರ್ಚಿನ ಸಭೆಯವರೆಲ್ಲ ಹಾಗೇ. ಭಾನುವಾರ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ, ಸೋಮವಾರ ಚೀಲ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ.

ಈಗ ಮೊನ್ನೆಯ ಭಾನುವಾರದ ಸುದ್ದಿ. ಸಂಜೆ ಗುಬ್ಬಿ ಕಾಣಲಿಲ್ಲ. ಪಕ್ಕದ ಮನೆಯಲ್ಲಿ ಆಡುತ್ತಿರಬೇಕು ಎಂದುಕೊಂಡು ನಾನು ಟ್ರೇಗಳಿಗೆ ಎಣ್ಣೆ ಸವರುತ್ತಿದ್ದೆ. ನಿಮ್ಮ ಮಗ ಭಟ್ಟಿಯ ಬಾಯಿಗೆ ಸೌದೆ ತುರುಕುತ್ತಿದ್ದರು. ಕೈಯಲ್ಲಿ ಬೆಂಕಿಪೊಟ್ಟಣ ತಯಾರಿತ್ತು. ಒಂದು ಸೌದೆ ಒಳಗೆ ಹೋಗದೆ ನಿಂತಿತು. ಇಟ್ಟಿಗೆ ಬಿದ್ದಿದೆಯೋ ಏನೋ ಎಂದು ಗೊಣಗಿಕೊಂಡು ಸಲಾಕೆಯಿಂದ ದೂಡಿದರು. ಒಳಗಿನಿಂದ ಕೆಮ್ಮು ಕೇಳಿಸಿತು. ಮಾವ, ಆ ಕೆಮ್ಮು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಸೌದೆಯನ್ನೆಲ್ಲ ಎಳೆದು ಬಿಸಾಕಿ, ಭುಜದ ತನಕ ಒಳಗೆ ತೂರಿ ಅವಳನ್ನು ಎಳೆದರು. ಸಂಡೆ ಸ್ಕೂಲಿನ ಬಿಳಿ ಫ್ರಾಕು, ಮೈಯೆಲ್ಲ ಬೂದಿ, ಸಲಾಕೆ ತಗುಲಿ ಮಂಡಿ ಒಡೆದು ರಕ್ತ. ಸೌದೆ ತುಂಬುವಾಗ ಯಾಕೆ ಕೂಗಲಿಲ್ಲ ಎಂದು ಕೇಳಿದರೆ ಏನು ಹೇಳಿದಳು ಗೊತ್ತೇ? 'ಕೂಗಿದ್ರೆ ನೀವು ನನ್ನ ಈಚೆ ತೆಗೆದು ಹಚ್ಚಿಬಿಡ್ತಿದ್ರಿ. ಅಪ್ಪನ ಕೈ ಬೇಯಬಾರದು ಅಂತ ಸುಮ್ಮನಿದ್ದೆ.' ಆ ಕೆಮ್ಮೊಂದು ಬಾರದೆ ಇದ್ದಿದ್ದರೆ? ಅತ್ತಿಗೇ, ನೀವು ಇಲ್ಲಿ ಸ್ವಲ್ಪ ನಿಲ್ಲಿಸಿ ಮಾವನ ಮುಖ ನೋಡಿ.

ಅವತ್ತು ಭಟ್ಟಿ ಹತ್ತಲಿಲ್ಲ. ಸೋಮವಾರ ಬೆಳಿಗ್ಗೆ ಮೊದಲು ಬಂದವರೇ ಟೀಚರಮ್ಮ. 'ಯಾಕಮ್ಮಾ, ಬ್ರೆಡ್ ಇಲ್ವಾ?' ಎಂದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಗಾಬರಿಯಾಗುತ್ತಾರೆ, ಒಂದು ತೊಟ್ಟು ಕಣ್ಣೀರಾದರೂ ಹಾಕುತ್ತಾರೆ ಎಂದುಕೊಂಡಿದ್ದೆ. ಅವರೋ ಎದೆಯ ಮೇಲೆ ಕೈಯಿಟ್ಟು, 'ಅಬ್ಬಾ, ದೇವರ ಮೇಲೆ ಎಂಥಾ ವಿಶ್ವಾಸ ಮಗೂದು! ಸೂಪರಿಂಟೆಂಡೆಂಟ್ ತಾತನ ರಕ್ತ ಅಲ್ವಾ!' ಎಂದರು. ನಾನು ಶಟರ್ ಎಳೆದ ರಭಸಕ್ಕೆ ಅವರ ಚೀಲದ ಹಿಡಿ ಒಳಗೇ ಸಿಕ್ಕಿಕೊಂಡಿತು. ಕತ್ತರಿಯಿಂದ ಕತ್ತರಿಸಿ ಕಳಿಸಿದೆ. ಅವರು ನಿಮಗೆ ದೂರು ಬರೆದೇ ಬರೆಯುತ್ತಾರೆ, ಬರೆಯಲಿ. ಗುಬ್ಬಿ ಇನ್ನು ಆ ಬೆಂಚು ಹತ್ತುವುದಿಲ್ಲ. ಇದಕ್ಕೆ ನಿಮ್ಮ ಅಪ್ಪಣೆ ಕೇಳುತ್ತಿಲ್ಲ.

ದೇವರ ಮೇಲೆ ನನಗೆ ಸಿಟ್ಟಿಲ್ಲ, ಹಾಗೆಂದುಕೊಂಡು ನನಗಾಗಿ ಉಪವಾಸ ಕೂರಬೇಡಿ. ಸಿಟ್ಟಿರುವುದು ನಿಮ್ಮ ಮೇಲೆ. ಮಗನನ್ನು ನೇರವಾಗಿ ಬೈಯಲು ಬಾಯಿ ಬಾರದೆ ಮೊಮ್ಮಗಳ ಬಾಯಲ್ಲಿ ಬೈಸಿದಿರಿ. ನಿಮ್ಮ ಮಗ ನಿಮ್ಮನ್ನು ಒಂದು ಮಾತು ಅಂದಿಲ್ಲ. 'ಅಪ್ಪಂಗೆ ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ ಬಿಡು' ಎನ್ನುತ್ತಾರೆ, ಆಮೇಲೆ ಹಿಟ್ಟಿನ ತೊಟ್ಟಿಯ ಮುಂದೆ ಕೂತು ಕೈ ನೋಡಿಕೊಳ್ಳುತ್ತಾರೆ. ಅವರು ಒಳ್ಳೆಯವರು. ನಾನಲ್ಲ.

ಅತ್ತಿಗೆಯ ಮನೆಯವರಿಗೆಲ್ಲ ನನ್ನ ನಮಸ್ಕಾರ. ಆರೋಗ್ಯ ನೋಡಿಕೊಳ್ಳಿ. ನಿಮ್ಮ ಪ್ರಾರ್ಥನೆಯಲ್ಲಿ ಕೆಲವು ದಿನ ನಮ್ಮನ್ನು ಮರೆತರೆ ಉಪಕಾರವಾಗುತ್ತದೆ.

ಇಂತಿ,
ನಿಮ್ಮ ಸೊಸೆ, ಗುಬ್ಬಿಯ ಅಮ್ಮ

ತಾ.ಕ.: ಲಕೋಟೆಗೆ ಗೋಂದು ಹಚ್ಚುತ್ತಿದ್ದೆ, ಗುಬ್ಬಿ ಬಂದು ನಿಂತಳು. 'ಅಜ್ಜಂಗೆ ಬರೀ ಅಮ್ಮಾ, ಈ ಭಾನುವಾರಾನೂ ಹೋಗಿ ಕೂತ್ಕೋತೀನಿ ಅಂತ. ಈ ಸಲ ಕೆಮ್ಮಲ್ಲ' ಎಂದಳು. ಅಪ್ಪ ಮಾಡುವುದು ಪಾಪವಲ್ಲ ಎಂದು ನಾವಿಬ್ಬರೂ ಹೇಳಿ ಹೇಳಿ ಸಾಕಾಯಿತು. 'ಪಾಪ ಮಾಡೋರು ಹಾಗೇ ಹೇಳ್ತಾರಂತೆ, ಅಜ್ಜ ಹೇಳಿದ್ರು' ಎನ್ನುತ್ತಾಳೆ. ನೀವು ಹೇಳಿದರೆ ಮಾತ್ರ ನಂಬುತ್ತಾಳೆ, ಬರೀ ಹೇಳಿದರೂ ಸಾಲದು. ಹಾಗಾಗಿ ಭಾನುವಾರ ಬೆಳಗಿನ ರೈಲು ಹತ್ತಿ ಬನ್ನಿ. ಕರ್ತನ ದಿನ ಪ್ರಯಾಣ ಮಾಡುವುದಿಲ್ಲ ಎಂಬ ನಿಮ್ಮ ವ್ರತ ಗೊತ್ತು, ಅದಕ್ಕೇ ಅವತ್ತೇ ಬನ್ನಿ ಎನ್ನುತ್ತಿದ್ದೇನೆ. ಸಂಜೆ ಅವಳ ಕಣ್ಣೆದುರಿಗೆ ನಿಮ್ಮ ಕೈಯಾರೆ ಭಟ್ಟಿ ಹಚ್ಚಬೇಕು. ಆಗದಿದ್ದರೆ ಬೇರೆ ಯಾವ ದಿನವೂ ಈ ಮನೆಗೆ ಬರಬೇಡಿ. ಮತ್ತೆ ಮಾವ, ಕಡ್ಡಿ ಗೀರುವ ಮೊದಲು ಒಮ್ಮೆ ಒಳಗೆ ಬಗ್ಗಿ ನೋಡಿ.