ಟ್ಯಾಂಕ್ ತುಂಬಿಲ್ಲ, ಮೋಟಾರ್ ಆರಿಸಬೇಡಿ

ಅಪ್ಪಾಜಿ,

ಮತ್ತೊಮ್ಮೆ ಹೇಳ್ತೀನಿ, ಇದು ನಿಜ. ತಾರಸಿಯಲ್ಲಿ ಕೇಳುವ ನೀರಿನ ಸದ್ದು ಟ್ಯಾಂಕ್ ತುಂಬಿ ಚೆಲ್ಲುವುದರದ್ದಲ್ಲ, ನಾನು ಪಾಲಕ್ ಸೊಪ್ಪು ಬೆಳೆಸುತ್ತಿರುವ ಪೈಪುಗಳದ್ದು. ಅವುಗಳಲ್ಲಿ ಮಣ್ಣಿಲ್ಲ, ಗಿಡ ಬೆಳೆಯುವುದು ಹರಿಯುವ ನೀರಲ್ಲೇ; ಮೋಟಾರ್ ನಿಂತರೆ ಬೇರು ಒಣಗುತ್ತದೆ. ನೀರು ಪೋಲಾಗುತ್ತದೆಂದು ನೀವು ಸ್ವಿಚ್ ಆರಿಸಿ ಎರಡು ಸಲ ಸಸಿಗಳು ಸತ್ತವು. ಮೂರನೇ ಸಲ ನಾನು ಬಿಡುವುದಿಲ್ಲ.

ಪೈಪಿಗೆ ಮುಚ್ಚಳ ತರಲು ಆನವಟ್ಟಿಗೆ ಹೊರಟೆ, ಸಂಜೆ ಬರ್ತೀನಿ. ಕರೆಂಟ್ ಹೋದರೆ ಅರ್ಧ ಗಂಟೆಗೊಮ್ಮೆ ಮೇಲಿನ ಪೈಪಿನ ಬಾಯಿಗೆ ಎರಡು ಚೊಂಬು ನೀರು ಹಾಕಿ.

ನಿನ್ನೆ ನೀವು ಸ್ವಿಚ್ಚಿಗೆ ಕೈ ಹಾಕಿದಾಗ ನಾನು ಬಾಗಿಲ ಹಿಂದೆ ನಿಂತು ಅಜ್ಜಿಯ ದನಿಯಲ್ಲೇ, "ಏ ವೀರಬಸಪ್ಪಾ, ತೆಗಿಯೋ ಕೈ!" ಅಂದೆ. "ಇಲ್ಲವ್ವಾ, ಮುಟ್ಟೇ ಇಲ್ಲ!" ಎಂದು ಕೈ ಕಟ್ಟಿ ನಿಂತಿರಿ. ಅಜ್ಜಿ ಜಡೆ ಊರಿನ ಅತ್ತೆ ಮನೆಯಲ್ಲಿದ್ದಾರೆಂದು ನಿಮಗೆ ನೆನಪಾದ ಮೇಲೆ, ಅಡುಗೆಮನೆಯಲ್ಲಿ ನಗುತ್ತಿದ್ದ ಅಮ್ಮನಿಗಿಂತ ಜೋರಾಗಿ ನಕ್ಕವರು ನೀವೇ.

ವಾಣಿ