ಎಡಗಾಲಿನ ಚಪ್ಪಲಿ

ಅಪ್ಪಾ,

ಇವತ್ತು ಹನ್ನೊಂದು ಜನರಿಗೆ ಕೃತಕ ಕಾಲು ಜೋಡಿಸಿದೆ. ಸೊಂಟ ಬಿದ್ದುಹೋಗಿದೆ. ಆದರೂ ಒಂದು ಸಂಗತಿ ನಿಮಗೆ ಹೇಳಬೇಕು.

ಮಧ್ಯಾಹ್ನ ನಮ್ಮ ಕೇಂದ್ರಕ್ಕೆ ನಿವೃತ್ತ ಬಸ್ ಕಂಡಕ್ಟರೊಬ್ಬರು ಬಂದಿದ್ದರು. ಸಕ್ಕರೆ ಕಾಯಿಲೆಗೆ ನಿಮ್ಮ ಹಾಗೆಯೇ ಎಡಗಾಲು ಹೋಗಿ ಎರಡು ವರ್ಷವಾಗಿತ್ತು. ಹೊಸ ಕಾಲಿನ ಎತ್ತರವನ್ನು ನಾವು ಚಪ್ಪಲಿ ಹಾಕಿಸಿಯೇ ಸರಿಪಡಿಸುವುದು. ಜೋಡಿ ತನ್ನಿ ಎಂದು ಚೀಟಿಯಲ್ಲೂ ಬರೆದಿರುತ್ತೇವೆ. ಅವರು ಬಲಗಾಲಿನದೊಂದನ್ನೇ ಮೆಟ್ಟಿಕೊಂಡು ಬಂದಿದ್ದರು.

"ಇನ್ನೊಂದೆಲ್ಲಿ ಯಜಮಾನ್ರೇ?"

"ಕಾಲೇ ಇಲ್ಲ, ಚಪ್ಪಲಿ ಯಾಕಮ್ಮ? ಪ್ಯಾಸೆಂಜರ್ ಇಲ್ದೆ ಟಿಕೆಟ್ ಹರೀತಾರಾ?"

ನಾಳೆ ಬನ್ನಿ ಎನ್ನುವಷ್ಟರಲ್ಲಿ ಅವರ ಹೆಂಡತಿ ಚೀಲದಿಂದ ಪೇಪರ್ ಸುತ್ತಿದ ಎಡ ಚಪ್ಪಲಿ ತೆಗೆದರು. ಅದರ ಮೇಲೆ ಒಂದು ಚೂರೂ ಧೂಳಿರಲಿಲ್ಲ.

"ಇದನ್ನ ಇನ್ನೂ ಇಟ್ಕೊಂಡಿದ್ಯೇನೇ?"

"ಎಸೆದಿದ್ರೆ ನೀವಿನ್ನು ನಡೆಯಲ್ಲ ಅಂತ ನಾನೇ ಒಪ್ಕೊಂಡ ಹಾಗಾಗ್ತಿತ್ತು. ಸುಮ್ನೆ ಹಾಕ್ಕೊಳ್ಳಿ."

ಅವರು ಕಂಬಿ ಹಿಡಿದು ಆರು ಹೆಜ್ಜೆ ನಡೆದರು. ಹೆಂಡತಿ ಹಿಂದಿನಿಂದ "ರೈಟ್, ಹೋಗ್ಲಿ!" ಎಂದು ಕೂಗಿದಾಗ ಕೋಣೆಯವರೆಲ್ಲ ನಕ್ಕರು. ನಾನೂ ನಕ್ಕೆ.

ಸ್ವಂತದವರನ್ನು ಕಾಲಿಗಾಗಿ ಕಾಯುವವರ ಸಾಲಿನಲ್ಲಿ ಮುಂದೆ ತಳ್ಳಲಾಗದು, ಸರದಿ ಬರಲಿ ಎಂದು ನಿಮಗೆ ಹೇಳಿದ್ದೆನಲ್ಲ. ನೀವು ತೀರಿಹೋದ ಹದಿನೇಳನೆಯ ದಿನಕ್ಕೆ ಅದು ಬಂತು.

ನೀವು ಆಸ್ಪತ್ರೆಯಿಂದ ಮನೆಗೆ ಬರುವ ಮುಂಚೆ ನಿಮ್ಮ ಎಡ ಚಪ್ಪಲಿಯನ್ನು ಕಸದ ಗಾಡಿಗೆ ಹಾಕಿದವಳು ನಾನು. ಬಂದ ದಿನ ನೀವು ಬಾಗಿಲ ಮೂಲೆಯನ್ನೇ ನೋಡುತ್ತಿದ್ದಿರಿ.

"ಏನ್ ಹುಡುಕ್ತಿದ್ದೀರಪ್ಪಾ?" ಎಂದೆ.

"ಏನಿಲ್ಲ ಬಿಡು ಮಗಳೇ" ಎಂದಿರಿ.