ಒರೆಸಿದ ಮೇಲೆ ಮುಟ್ಟಿದ ಕೈ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.20

ಪ್ರಾರ್ಥನೆ ಮುಗಿಯಿತು. ಹದಿನೈದು ನಿಮಿಷಕ್ಕೆ ಟೈಮರ್ ಇಟ್ಟಿದ್ದೆ, ಒಂಬತ್ತಕ್ಕೇ ಪಟ್ಟಿ ಖಾಲಿ. ತಾತನ ಮಂಡಿ, ನನ್ನ ಕೆಲಸ, ಪಕ್ಕದ ಮನೆ ಮಗುವಿನ ಕೆಮ್ಮು, ಲೋಕದ ಶಾಂತಿ. ಮಿಕ್ಕ ಆರು ನಿಮಿಷ ಫೋನಿನಲ್ಲಿ ಅಂಕಿ ಇಳಿಯುವುದನ್ನು ನೋಡುತ್ತ ಕೂತೆ. ಸ್ಕೂಲಿನಲ್ಲೂ ಹೀಗೇ... ಗಡಿಯಾರ ನೋಡಿ ನೋಡಿಯೇ ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟಿದ್ದು.

ತಾತ ಅಡುಗೆಮನೆಯ ಮೇಜಿನ ಮುಂದೆ. ಮೊದಲು ಮೇಜು ಒರೆಸುತ್ತಾನೆ. ಕೈ ತೊಳೆಯುತ್ತಾನೆ. ಕನ್ನಡಕ ತೆಗೆದಿಡುತ್ತಾನೆ. ಆಮೇಲೆ ಸುಮ್ಮನೆ ಕೂರುತ್ತಾನೆ. ಎಷ್ಟು ಹೊತ್ತು ಅಂದರೆ, ಮೂಗಿನ ಕೆಳಗೆ ಬೆರಳಿಟ್ಟು ನೋಡೋಣ ಅನ್ನಿಸುತ್ತದೆ.

"ನಿದ್ದೆ ಮಾಡ್ತಿದ್ದೀಯಾ ತಾತ?"

"ಇಲ್ವೇ. ತಯಾರಾಗ್ತಿದ್ದೀನಿ."

"ಯಾವ ಮದುವೆಗೆ?"

"ಅರ್ಜಿ ಕೊಟ್ಟು ಓಡಿ ಬರೋಕೆ ಅದೇನು ಆಫೀಸಾ? ಎದುರಿಗೆ ಯಾರಿದ್ದಾರೆ ಅಂತ ಮೊದಲು ನೆನಪು ಮಾಡ್ಕೋಬೇಕು. ಸುಮ್ನೆ ಕೂತ್ರೆ ಒಳಗಿರೋದು ತಾನಾಗೇ ಮೇಲೆ ಬರುತ್ತೆ. ಅದನ್ನ ಹೇಳು. ಪಟ್ಟಿ ಆಮೇಲೆ."

ನನ್ನೊಳಗೆ ಅಂಥದ್ದೇನೂ ಇಲ್ಲ. ನಾನು ಸುಳ್ಳು ಹೇಳುವವಳಲ್ಲ, ಈ ಡೈರಿಯಲ್ಲೂ ಬರೆಯುವುದಿಲ್ಲ. ಇದಕ್ಕಿಂತ ತಯಾರಿ ಇನ್ನೇನು ಬೇಕು?

ತಾತನ ಮಂಡಿಗೆ ಎಣ್ಣೆ ತಿಕ್ಕಿ ಹೊರಡಬೇಕು. ಲೇಟಾಯಿತು.

ಅದೇ ದಿನ, ಸಂಜೆ 7

ವರ್ಕ್‌ಶಾಪಿನಲ್ಲಿ ರಾದ್ಧಾಂತ. ನೀಲಿ ಕಾರಿನ ಬಾಗಿಲಿಗೆ ಬಣ್ಣ ಹೊಡೆದು ಎರಡು ನಿಮಿಷ ಆಗಿಲ್ಲ, ಕುಳಿ ಬಿದ್ದವು. ಸಣ್ಣ ಸಣ್ಣವು, ಮೀನಿನ ಕಣ್ಣಿನ ಹಾಗೆ. ಕೆಳಗೆ ಜಿಡ್ಡಿದ್ದರೆ ಬಣ್ಣ ಕೂರುವುದಿಲ್ಲ, ಹಿಂದೆ ಸರಿಯುತ್ತದೆ. ಮೇಸ್ತ್ರಿ ಸ್ಪ್ರೇ ಗನ್ ಕೆಳಗಿಟ್ಟರು.

"ಬಾಗಿಲು ಒರೆಸಿದ್ದು ಯಾರು?"

"ನಾನೇ," ಅಂದ ಉದ್ದಣ್ಣ. ಹನ್ನೊಂದು ವರ್ಷದಿಂದ ಇಲ್ಲಿ ಬಾಗಿಲು ಉಜ್ಜುವವನು. ನನಗೆ ಸ್ಯಾಂಡ್‌ಪೇಪರ್ ಹಿಡಿಯಲು ಕಲಿಸಿದವನು. "ಎರಡು ಸಲ ಒರೆಸ್ದೆ ಮೇಸ್ತ್ರಿ, ಥಿನ್ನರ್ ಹಾಕಿ."

"ಹಾಗಾದ್ರೆ ಜಿಡ್ಡು ಆಕಾಶದಿಂದ ಬಿತ್ತಾ? ಹೋದ ತಿಂಗಳೂ ಒಂದು ಕೆಡಿಸಿದ್ದೆ. ನಾಳೆಯಿಂದ ಕಾರು ತೊಳೆಯೋ ಕಡೆ ಹೋಗು."

ಆಮೇಲೆ ನನ್ನ ಕಡೆ ತಿರುಗಿದರು. "ಇವನ ಜಾಗ ಇನ್ಮೇಲೆ ನಿಂದು. ಶನಿವಾರ ಗನ್ ಕೊಡ್ತೀನಿ. ಒಂದು ಬಾಗಿಲು ಪೂರ್ತಿ ನೀನೇ ಹೊಡಿ."

ಎರಡು ವರ್ಷ ಕಾದಿದ್ದೆ ಈ ಮಾತಿಗೆ! ಉದ್ದಣ್ಣನಿಗೆ ಬೇಜಾರಾಗಿದೆ. ನನಗೂ... ಸ್ವಲ್ಪ. ಆದರೆ ಗನ್!

ಮಾರ್ಚ್ 4. ಬೆಳಿಗ್ಗೆ

ತಾತ ಹೇಳಿದ ಹಾಗೆ ಕೂತೆ, ಪಟ್ಟಿ ಇಲ್ಲದೆ. ಒಂದೇ ನಿಮಿಷಕ್ಕೆ ಕಣ್ಣ ಮುಂದೆ ನೀಲಿ ಬಾಗಿಲು. ಎದ್ದುಬಿಟ್ಟೆ. ಈ ವಿಧಾನ ನನಗೆ ಒಗ್ಗುವುದಿಲ್ಲ.

ಮಾರ್ಚ್ 5. ಬೆಳಿಗ್ಗೆ

ಜಾಗ ಸರಿಯಿಲ್ಲದೆ ಇರಬೇಕು. ಇವತ್ತು ತಾರಸಿಗೆ ಹೋಗಿ ನೀರಿನ ಟ್ಯಾಂಕಿಗೆ ಒರಗಿ ಕೂತೆ. ತಣ್ಣನೆ ಗಾಳಿ, ಎಳೆ ಬಿಸಿಲು, ಪಾರಿವಾಳ. ಭಕ್ತಿಗೆ ಹೇಳಿ ಮಾಡಿಸಿದ ಹಾಗಿತ್ತು. ಆ ನೀಲಿ ಬಾಗಿಲು ಮೆಟ್ಟಿಲು ಹತ್ತಿ ಅಲ್ಲಿಗೂ ಬಂತು. ಚರ್ಚಿನ ಹಾಡೊಂದನ್ನು ಗಟ್ಟಿಯಾಗಿ ಹಾಡಿದೆ. ಕೆಳಗಿನಿಂದ ಯಾರೋ, "ಏನಮ್ಮಾ, ಬೆಳ್ಬೆಳಿಗ್ಗೆ ಯಾರ ಮೇಲೆ ಸಿಟ್ಟು?" ಅಂದರು. ಬಾಗಿಲು ಕದಲಲಿಲ್ಲ.

ಮಾರ್ಚ್ 6, ಗುರುವಾರ. ಸಂಜೆ

ಸೋಮವಾರದ ಪುಟ ತೆಗೆದು ಓದಿದೆ. ಒಂದಕ್ಷರ ಸುಳ್ಳಿಲ್ಲ. ಒಂದು ವಿಷಯ ಬಿಟ್ಟಿದ್ದೇನೆ, ಅಷ್ಟೇ. ಅದು ಇದು:

ಉದ್ದಣ್ಣ ಒರೆಸಿ ಆಚೆ ಹೋದ ಮೇಲೆ ನಾನು ಆ ಬಾಗಿಲು ಮುಟ್ಟಿದೆ. ಬರಿಗೈಯಲ್ಲಿ. ಶನಿವಾರ ಅದನ್ನು ಉಜ್ಜಿದವಳು ನಾನೇ. ಎಷ್ಟು ನುಣುಪಾಗಿದೆ ಅಂತ ಕಣ್ಣು ಮುಚ್ಚಿ ಅಂಗೈ ಆಡಿಸಿದೆ. ಉಜ್ಜುವಾಗ ಹಾಗೆ ನೋಡಬೇಕು, ಉದ್ದಣ್ಣ ಕಲಿಸಿದ್ದು. ಒರೆಸಿದ ಮೇಲೆ ಮುಟ್ಟಬಾರದು, ಅದನ್ನು ಕಲಿಸಿದವನೂ ಅವನೇ. ಬೆಳಿಗ್ಗೆ ತಾತನ ಮಂಡಿಗೆ ತಿಕ್ಕಿದ ಎಣ್ಣೆ ಕೈಯಲ್ಲಿತ್ತು. ಸೋಪು ಹಾಕದೆ, ಪ್ಯಾಂಟಿಗೆ ಒರೆಸಿಕೊಂಡು ಬಸ್ಸು ಹತ್ತಿದ್ದೆ.

ಮೇಸ್ತ್ರಿ, ಒರೆಸಿದ್ದು ಯಾರು ಅಂತ ಕೇಳಿದರು. ಮುಟ್ಟಿದ್ದು ಯಾರು ಅಂತ ಕೇಳಿದ್ದರೆ ಹೇಳುತ್ತಿದ್ದೆ. ಖಂಡಿತ ಹೇಳುತ್ತಿದ್ದೆ. ಕೇಳಲಿಲ್ಲ.

ನಾಲ್ಕು ದಿನ ಈ ಮಾತಿನ ಮೇಲೆ ನಿಂತಿದ್ದೆ. ಬರೆದು ನೋಡಿದರೆ ನನಗೇ ನಗು ಬರುತ್ತಿದೆ.

ಊಟ ಮಾಡುತ್ತ ತಾತನನ್ನು ಕೇಳಿದೆ. "ತಪ್ಪು ಮಾಡಿದ್ರೆ ದೇವರಿಗೆ ಹೇಳಿದ್ರೆ ಸಾಕಲ್ವಾ?"

"ಆತನಿಗೆ ಹೊಸ ಸುದ್ದಿ ಕೊಡೋ ಹಾಗೆ ಮಾತಾಡ್ತೀಯಲ್ಲೇ. ಯಾರಿಗೆ ಗೊತ್ತಿಲ್ವೋ ಅವರಿಗೆ ಹೋಗಿ ಹೇಳು. ಆಮೇಲೆ ಬಂದು ಕೂತ್ಕೋ. ಆತ ಎಲ್ಲೂ ಹೋಗಲ್ಲ."

ಯಾವ ತಪ್ಪು ಅಂತ ಕೇಳಲಿಲ್ಲ. ಸಾರು ಇನ್ನೊಂದು ಸೌಟು ಹಾಕಿಸಿಕೊಂಡ.

ಮಾರ್ಚ್ 7

ಇವತ್ತು ಪ್ರಾರ್ಥನೆಗೆ ಕೂರಲಿಲ್ಲ. ನೆಗಡಿ ಅಂತ ಬರೆಯಬಹುದಿತ್ತು. ನೆಗಡಿ ಇಲ್ಲ. ಕೂತರೆ ನಾಳೆ ಗನ್ ಕೈತಪ್ಪುತ್ತದೆ, ಅದಕ್ಕೇ.

ಮಾರ್ಚ್ 8, ಶನಿವಾರ. ಸಂಜೆ 6.30

ಮೇಸ್ತ್ರಿ ಮಾತು ಉಳಿಸಿಕೊಂಡರು. ಮಾಸ್ಕ್ ಹಾಕಿಕೊಂಡೆ. ಗನ್ ಕೈಗೆ ಬಂತು. ಅಂದುಕೊಂಡಿದ್ದಕ್ಕಿಂತ ಭಾರ. ಎದುರಿಗೆ ಬಿಳಿ ಕಾರಿನ ಬಾಗಿಲು, ಚೊಕ್ಕವಾಗಿ ಒರೆಸಿದ್ದು. ಶಟರಿನ ಆಚೆ ಉದ್ದಣ್ಣ, ಪ್ಯಾಂಟು ಮಂಡಿಯವರೆಗೆ ಮಡಿಸಿ, ಪೈಪು ಹಿಡಿದು, ಬಗ್ಗಿ ಯಾರದೋ ಚಕ್ರ ತೊಳೆಯುತ್ತಿದ್ದ.

"ಹೊಡಿಯಮ್ಮ. ಮುಹೂರ್ತ ನೋಡ್ತಿದ್ದೀಯಾ?"

ಮಾಸ್ಕ್ ತೆಗೆದೆ. "ಮೇಸ್ತ್ರಿ, ಆ ನೀಲಿ ಬಾಗಿಲು ಮುಟ್ಟಿದ್ದು ನಾನು. ಕೈಯಲ್ಲಿ ಎಣ್ಣೆ ಇತ್ತು. ಉದ್ದಣ್ಣ ಸರಿಯಾಗೇ ಒರೆಸಿದ್ದ."

ಮೇಸ್ತ್ರಿ ಕಂಪ್ರೆಸರ್ ಆಫ್ ಮಾಡಿದರು.

"ಇದನ್ನ ಹೇಳೋಕೆ ಗನ್ ಕೈಗೆ ಬರೋವರೆಗೂ ಕಾದ್ಯಾ?"

"ಹೂಂ."

"ಕೊಡು ಇಲ್ಲಿ."

ಕೊಟ್ಟೆ. ನೀಲಿ ಬಾಗಿಲನ್ನು ತಗಡು ಕಾಣುವವರೆಗೆ ನಾನೊಬ್ಬಳೇ ಉಜ್ಜಬೇಕು. ಗನ್ ಮಾತು ಇನ್ನು ಆರು ತಿಂಗಳು ಎತ್ತುವ ಹಾಗಿಲ್ಲ.

ಆಚೆ ಹೋಗಿ ಉದ್ದಣ್ಣನಿಗೂ ಹೇಳಿದೆ. ಅವನು ನೀರು ನಿಲ್ಲಿಸಲಿಲ್ಲ.

"ಐದು ದಿನ ನೀರಲ್ಲಿ ನಿಂತೆ ಕಣೇ. ಕಾಲು ನೋಡು, ನೆನೆಸಿಟ್ಟ ಕಡಲೆ ಥರ ಆಗಿದೆ."

"ತಪ್ಪಾಯ್ತಣ್ಣ."

"ಹೋಗ್ಲಿ ಬಿಡು ಅಂತ ಈಗ್ಲೇ ಹೇಳಲ್ಲ. ಸಿಟ್ಟಿದೆ ನಂಗೆ."

"ಇರ್ಲಿ."

"ಇರ್ಲಿ ಅನ್ನೋಕೆ ನೀನ್ಯಾರೇ? ನಿನ್ ಪರ್ಮಿಷನ್ ಕೇಳಿದ್ನಾ?"

ಅಳಲಿಲ್ಲ. ಬಸ್ಸಿನಲ್ಲಿ ಸ್ವಲ್ಪ.

ಮಾರ್ಚ್ 12, ಬುಧವಾರ. ಸಂಜೆ

ಮೂರು ದಿನ ಉಜ್ಜಿದೆ. ನೀಲಿ ಹೋಯಿತು, ಅದರ ಕೆಳಗಿನ ಬೂದು ಹೋಯಿತು, ಕೊನೆಗೆ ತಗಡು. ಉಗುರಿನ ಸಂದಿಯೆಲ್ಲ ನೀಲಿ. ಉದ್ದಣ್ಣ ತನ್ನ ಜಾಗಕ್ಕೆ ವಾಪಸ್ ಬಂದಿದ್ದಾನೆ, ಆದರೆ ಮಾತಿಲ್ಲ. ಇವತ್ತು ಥಿನ್ನರ್ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ.

"ಕೈ ತೋರ್ಸು."

ತೋರಿಸಿದೆ. ಮೂಸಿ ನೋಡಿದ!

"ಸೋಪು?"

"ಮೂರು ಸಲ."

"ಹಾಂ. ಆ ಗೋಡೆ ಹತ್ರ ನಿಂತ್ಕೋ. ಇನ್ಮೇಲೆ ನಾನು ಒರೆಸಿದ್ದನ್ನ ನೋಡೋಕೂ ನನ್ನ ಕೇಳು."

ಸಿಟ್ಟು ಮುಕ್ಕಾಲು ಇಳಿದಿದೆ. ಉಳಿದ ಕಾಲು ಭಾಗವೂ ಇಳಿಯುತ್ತದೆ. ಗನ್ನೂ ಬರುತ್ತದೆ, ನನಗೆ ಗೊತ್ತು.

ಮಾರ್ಚ್ 13, ಗುರುವಾರ. ಬೆಳಿಗ್ಗೆ 6.05

ತಾತನ ಮಂಡಿಗೆ ಎಣ್ಣೆ ತಿಕ್ಕಿದೆ. ಕೈ ತೊಳೆದೆ. ಮೇಜು ನಾನೇ ಒರೆಸಿದೆ. ಫೋನು ಒಳಗಿನ ಕೋಣೆಯಲ್ಲಿದೆ. ಟೈಮರ್ ಇಟ್ಟಿಲ್ಲ.

ಸುಮ್ಮನೆ ಕೂತೆ. ಬಾಗಿಲು ಬಂತು, ಬರಲಿ ಅಂತ ಬಿಟ್ಟೆ. ಸ್ವಲ್ಪ ಹೊತ್ತು ಇದ್ದು ತಾನಾಗೇ ಹೋಯಿತು. ಅದರ ಹಿಂದೆ ಇನ್ನೊಂದಿತ್ತು. ಆವತ್ತು ಕಣ್ಣು ಮುಚ್ಚಿ ಅಂಗೈ ಆಡಿಸಿದ್ದು ನುಣುಪು ನೋಡುವುದಕ್ಕಲ್ಲ. ಉದ್ದಣ್ಣನಿಗಿಂತ ಚೆನ್ನಾಗಿ ಮಾಡಿದ್ದೀನಿ ಅಂತ ಒಳಗೊಳಗೇ ಬೀಗುವುದಕ್ಕೆ. ಇದು ಮೇಸ್ತ್ರಿಗೆ ಗೊತ್ತಿಲ್ಲ, ತಾತನಿಗೆ ಗೊತ್ತಿಲ್ಲ, ಇವತ್ತಿನವರೆಗೆ ನನಗೂ ಗೊತ್ತಿರಲಿಲ್ಲ. ಆತನೊಬ್ಬನಿಗೆ ಗೊತ್ತಿತ್ತು. ಆದರೂ ಕಾಯುತ್ತ ಕೂತಿದ್ದ.

"ಬರೀತಾನೇ ಇರ್ತೀಯೇನೇ?" ಎದುರು ಕುರ್ಚಿಯಿಂದ ತಾತ.

"ತಯಾರಾಗ್ತಿದ್ದೀನಿ ತಾತ."

"ಯಾವ ಮದುವೆಗೆ?"

ಮುದುಕ ಮರೆತಿಲ್ಲ. ಪೆನ್ನು ಇಡುತ್ತೇನೆ. ಪಟ್ಟಿ ಆಮೇಲೆ. ಮೊದಲು—